ಎಣ್ಣೆ ಮಂಜಾದರೆ ಮನೆ ಬೆಚ್ಚಗೆ

ಅಮೆರಿಕದ ಈಶಾನ್ಯ ಮೂಲೆಯಲ್ಲಿ ಮೇನ್ ಎಂಬ ರಾಜ್ಯವಿದೆ. ಜನವರಿಯ ಕೆಲವು ರಾತ್ರಿ ಅಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವ ಚಳಿ. ಆ ರಾಜ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ಬೆಚ್ಚಗಿರುವುದು ಎಣ್ಣೆಯಿಂದ. ಅಡುಗೆ ಎಣ್ಣೆಯಲ್ಲ ಮಕ್ಕಳೇ, ಡೀಸೆಲ್ಲಿನ ಹತ್ತಿರದ ನಂಟ, ಹೀಟಿಂಗ್ ಆಯಿಲ್. ಇದಕ್ಕೆ ರಸ್ತೆ ತೆರಿಗೆ ಇಲ್ಲ. ಯಾರೂ ಕದ್ದುಮುಚ್ಚಿ ಗಾಡಿಗೆ ಸುರಿಯದಿರಲಿ ಎಂದು ಇದಕ್ಕೆ ಕೆಂಪು ಬಣ್ಣ ಬೆರೆಸಿರುತ್ತಾರೆ.

ನೆಲಮಾಳಿಗೆಯಲ್ಲಿ ಸುಮಾರು ಸಾವಿರ ಲೀಟರ್ ಹಿಡಿಯುವ ಟ್ಯಾಂಕು, ಅದರ ಸಮೀಪದಲ್ಲೇ ಬಾಯ್ಲರ್. ಅಲ್ಲಿ ಕಾದ ನೀರು ಕೊಳವೆಗಳಲ್ಲಿ ಕೋಣೆ ಕೋಣೆಗೂ ಹರಿದು, ಗೋಡೆ ಬದಿಯ ರೇಡಿಯೇಟರುಗಳಿಗೆ ತನ್ನ ಬಿಸಿ ಕೊಟ್ಟು, ತಣ್ಣಗಾಗಿ ಮರಳುತ್ತದೆ. ನೀರು ಕುದಿಯಬೇಕಿಲ್ಲ, 80 ಡಿಗ್ರಿಯ ಆಸುಪಾಸು ಸಾಕು.

ಇದರಲ್ಲೊಂದು ವಿಚಿತ್ರವಿದೆ. ಈ ಎಣ್ಣೆ ತಣ್ಣಗೆ ನಿಂತಿರುವಾಗ ಸುಲಭವಾಗಿ ಹೊತ್ತಿಕೊಳ್ಳುವುದೇ ಇಲ್ಲ! ಉರಿಯುವುದು ಎಣ್ಣೆಯ ದ್ರವವಲ್ಲ, ಅದರ ಮೈಯಿಂದ ಏಳುವ ಆವಿ. ತಣ್ಣನೆಯ ಎಣ್ಣೆಯಿಂದ ಸಾಕಷ್ಟು ಆವಿ ಏಳುವುದಿಲ್ಲ. (ಇದನ್ನು ನೀವು ಪರೀಕ್ಷಿಸಲು ಹೋಗಬೇಡಿ. ಬಿಸಿಯಾದ ಎಣ್ಣೆಯ ಸಂಗತಿಯೇ ಬೇರೆ.) ಹಾಗಾಗಿ ಎಣ್ಣೆಯ ಮೈಯನ್ನು ದೊಡ್ಡದು ಮಾಡಬೇಕು. ಒಂದು ಲೀಟರ್ ಎಣ್ಣೆಯನ್ನು ಹತ್ತು ಸೆಂಟಿಮೀಟರ್ ಬದಿಯ ಘನವೆಂದುಕೊಂಡರೆ ಅದರ ಆರೂ ಮುಖ ಸೇರಿ 600 ಚದರ ಸೆಂಟಿಮೀಟರ್. ಅದನ್ನೇ 0.05 ಮಿಲಿಮೀಟರ್ ಅಗಲದ ಹನಿಗಳಾಗಿ ಒಡೆದರೆ? ಸುಮಾರು 1,500 ಕೋಟಿ ಹನಿಗಳು! ಅವುಗಳ ಒಟ್ಟು ಮೈ 120 ಚದರ ಮೀಟರ್, ಅಂದರೆ ನಮ್ಮೂರಿನ 30-40 ಸೈಟಿಗಿಂತ ತುಸು ದೊಡ್ಡದು. ಲೆಕ್ಕವನ್ನು ನೀವೇ ಮಾಡಿ ನೋಡಿ. ಬಾಯ್ಲರಿಗೆ ಬೆಂಕಿ ಕೊಡುವ ಬರ್ನರಿನ ಕೆಲಸವೆಲ್ಲ ಇಷ್ಟೇ: ಎಣ್ಣೆಯನ್ನು ಮಂಜು ಮಾಡುವುದು.

ಕೋಣೆ ತಣ್ಣಗಾಯಿತೆಂದು ಥರ್ಮೋಸ್ಟಾಟ್ ಸುದ್ದಿ ಕೊಟ್ಟಿತು ಅನ್ನೋಣ. ಮೋಟರು ತಿರುಗುತ್ತದೆ. ಅದು ಒಂದೇ ಏಟಿಗೆ ಗಾಳಿ ಊದುವ ಫ್ಯಾನನ್ನೂ ಎಣ್ಣೆ ಒತ್ತುವ ಪಂಪನ್ನೂ ತಿರುಗಿಸುತ್ತದೆ. ಸುತ್ತಲಿನ ಗಾಳಿಯ ಒತ್ತಡದ ಏಳು ಪಟ್ಟು ಒತ್ತಡದಲ್ಲಿ ಎಣ್ಣೆ ನಾಜಲಿನೊಳಗೆ ನುಗ್ಗಿ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ತೂತಿನಿಂದ ಸುಳಿಸುಳಿಯಾಗಿ ಹೊರಚಿಮ್ಮುತ್ತದೆ. ಅದರ ಮುಂದೆಯೇ ಎರಡು ಲೋಹದ ಕಡ್ಡಿಗಳ ನಡುವೆ ಹತ್ತು ಸಾವಿರ ವೋಲ್ಟಿನ ಕಿಡಿ ಹಾರುತ್ತಿರುತ್ತದೆ. ಮಂಜು, ಗಾಳಿ, ಕಿಡಿ ಮೂರೂ ಸೇರಿದ ಕ್ಷಣ, ಭುಗ್!

ನನಗೆ ಈ ಯಂತ್ರದಲ್ಲಿ ಎಲ್ಲಕ್ಕಿಂತ ಅಚ್ಚುಮೆಚ್ಚು ಅದರ ಕಣ್ಣು. ಕ್ಯಾಡ್ಮಿಯಂ ಸಲ್ಫೈಡ್ ಎಂಬ ವಸ್ತುವಿನ ಪುಟ್ಟ ಬಿಲ್ಲೆ ಅದು. ಕತ್ತಲಲ್ಲಿ ವಿದ್ಯುತ್ತನ್ನು ಹೆಚ್ಚುಕಡಿಮೆ ತಡೆದು ನಿಲ್ಲಿಸುತ್ತದೆ, ಬೆಳಕು ಬಿದ್ದರೆ ಹರಿಯಲು ಬಿಡುತ್ತದೆ. ಜ್ವಾಲೆ ಕಂಡರೆ ಬರ್ನರ್ ನಡೆಯುತ್ತದೆ. 15ರಿಂದ 45 ಸೆಕೆಂಡಿನೊಳಗೆ ಬೆಳಕು ಕಾಣದಿದ್ದರೆ ಎಲ್ಲವೂ ಬಂದ್. ಆಮೇಲೆ ಯಾರಾದರೂ ಕೈಯಾರೆ ಕೆಂಪು ಗುಂಡಿ ಒತ್ತುವವರೆಗೂ ಅದು ಹೊತ್ತುವುದಿಲ್ಲ.

ಚಳಿಗೆ ನಡುಗುತ್ತಿರುವವರಿಗೆ ಆ ಗುಂಡಿಯನ್ನು ಮತ್ತೆ ಮತ್ತೆ ಒತ್ತುವ ಆಸೆ. ಅದೇ ಅಪಾಯ. ಪ್ರತಿ ಸಲ ಒತ್ತಿದಾಗಲೂ ಉರಿಯದ ಎಣ್ಣೆ ಒಲೆಯೊಳಗೆ ಬಂದು ಬೀಳುತ್ತದೆ. ಕೊನೆಗೊಮ್ಮೆ ಕಿಡಿ ತಾಗಿತೋ, ಸೇರಿಕೊಂಡದ್ದೆಲ್ಲ ಒಟ್ಟಿಗೆ ಹೊತ್ತಿ ಬಾಗಿಲು ಹಾರಬಹುದು, ಮನೆಯೆಲ್ಲ ಮಸಿಯಾಗಬಹುದು. ಆದ್ದರಿಂದ ತಿಳಿದವರು ಒಮ್ಮೆ ಮಾತ್ರ ಒತ್ತುತ್ತಾರೆ. ಹೊತ್ತಲಿಲ್ಲವೆಂದರೆ ಟ್ಯಾಂಕಿನಲ್ಲಿ ಎಣ್ಣೆ ಇದೆಯೇ ನೋಡಿ ಮೆಕ್ಯಾನಿಕ್ಕನ್ನು ಕರೆಯುತ್ತಾರೆ. ಟ್ಯಾಂಕು ಒಮ್ಮೆ ಪೂರ್ತಿ ಬರಿದಾಗಿದ್ದರೆ ಕೊಳವೆಯೊಳಗೆ ಗಾಳಿ ಸೇರಿರುತ್ತದೆ. ಎಣ್ಣೆ ತುಂಬಿಸಿದರಷ್ಟೇ ಸಾಲದು. ಪಂಪಿನ ಬದಿಯ ತಿರುಪು ಸಡಿಲಿಸಿ, ಗುಳ್ಳೆಗಳು ನಿಂತು ಬರೀ ಎಣ್ಣೆ ಬರುವವರೆಗೂ ಆ ಗಾಳಿ ತೆಗೆಯಬೇಕು.

ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ, ಮೆಕ್ಯಾನಿಕ್ ಬರಲೇಬೇಕು. ನಾಜಲಿನ ತೂತು ಎಷ್ಟು ಕಿರಿದೆಂದರೆ ಟ್ಯಾಂಕಿನ ತಳದ ಒಂದು ಚೂರು ಕಸವೂ ಅದನ್ನು ಕಟ್ಟೀತು. ಅದಕ್ಕೇ ನಾಜಲನ್ನೂ ಫಿಲ್ಟರನ್ನೂ ಬದಲಾಯಿಸುತ್ತಾರೆ. ಬಾಯ್ಲರಿನ ಒಳಗೋಡೆಗೆ ಹತ್ತಿದ ಮಸಿಯನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯುತ್ತಾರೆ. ಮಸಿ ಬಿಸಿಯನ್ನು ನೀರಿಗೆ ದಾಟಲು ಬಿಡುವುದಿಲ್ಲ, ಬೆಲೆ ಕೊಟ್ಟು ತಂದ ಬಿಸಿ ಚಿಮಣಿಯಿಂದ ಆಕಾಶಕ್ಕೆ ಹೋಗುತ್ತದೆ. ಕೊನೆಗೆ ಹೊಗೆಗೊಳವೆಯ ಅನಿಲವನ್ನು ಕೈಪಂಪಿನಿಂದ ಬಿಳಿ ಕಾಗದದ ಮೂಲಕ ಎಳೆದು, ಕಾಗದದ ಮೇಲೆ ಮೂಡಿದ ಕಲೆ ಎಷ್ಟು ಕಪ್ಪು ಎಂದು ಸೊನ್ನೆಯಿಂದ ಒಂಬತ್ತರವರೆಗಿನ ಪಟ್ಟಿಯೊಂದಿಗೆ ಹೋಲಿಸುತ್ತಾರೆ. ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು.

ಗಾಳಿ ಸಾಲದೆ ಎಣ್ಣೆ ಅರೆಬರೆ ಉರಿದರೆ ಮಸಿಯ ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ನಿಮ್ಮ ಮಾಮನೋ ಚಿಕ್ಕಮ್ಮನೋ ಬಾಸ್ಟನ್ ಕಡೆ ನೆಲೆಸಿದ್ದು ಅವರ ಮನೆಯಲ್ಲೂ ಎಣ್ಣೆ ಬಾಯ್ಲರ್ ಇದ್ದರೆ, ಮುಂದಿನ ಸಲ ಫೋನಿನಲ್ಲಿ ಎರಡು ಪ್ರಶ್ನೆ ಕೇಳಿಬಿಡಿ: ಈ ವರ್ಷ ನಾಜಲ್ ಬದಲಾಯಿಸಿದಿರಾ? ಮಲಗುವ ಕೋಣೆಯ ಹತ್ತಿರ ವಿಷಾನಿಲದ ಅಲಾರಂ ಇದೆಯಾ?