ಕಡಲಿಗೂ ಒಂದು ಬನ ಬೇಕು

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಕಡಲ ಜೀವಿಗಳ ರಕ್ಷಣೆಯ ಬಗ್ಗೆ ಎರಡು ಮಾತಾಡಲು ನನಗೆ ಹೇಳಿದ್ದಾರೆ. ಗದ್ದೆ ಉಳುವವನಿಗೆ ಕಡಲಿನ ಉಸಾಬರಿ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಬೂತಾಯಿ ರಾಶಿ ಬೀಳುತ್ತಿದ್ದ ಕಾಲದಲ್ಲಿ ಕರಾವಳಿಯ ತೆಂಗಿನ ಬುಡಕ್ಕೆ ಅದೇ ಗೊಬ್ಬರ. ಇವತ್ತಿಗೂ ಮಲ್ಪೆಗೆ ಬೋಟು ಬರಿಗೈಯಲ್ಲಿ ಬಂದರೆ ಕಾಪುವಿನಿಂದ ಕಾರ್ಕಳದ ವರೆಗೆ ಮೀನು ಮಾರುವ ಹೆಂಗಸರ ಬುಟ್ಟಿ ಖಾಲಿ. ಅವರ ಬುಟ್ಟಿ ಖಾಲಿಯಾದರೆ ಸಾಲದ ಕಂತು ಎಲ್ಲಿಂದ ಬರಬೇಕು?

ನಮ್ಮ ಹಿರಿಯರು ಊರೂರಲ್ಲಿ ನಾಗಬನ ಬಿಟ್ಟರು. ಅಲ್ಲಿ ಕತ್ತಿ ಆಡಿಸುವ ಹಾಗಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವಸ್ಥಾನದ ಮುಂದಿನ ಮೀನನ್ನು ಯಾರೂ ಹಿಡಿಯುವುದಿಲ್ಲ. ಸಂರಕ್ಷಿತ ಸಮುದ್ರ ಪ್ರದೇಶ ಅಂದರೆ ಹೆಚ್ಚುಕಡಿಮೆ ಇದೇ. ಕಡಲಲ್ಲಿ ಒಂದಿಷ್ಟು ಜಾಗವನ್ನು ಮೀನಿಗೆ ಬಿಟ್ಟುಕೊಡುವುದು. ಬೆಳೆದು ದೊಡ್ಡದಾದ ಮೀನು ಸಣ್ಣ ಮೀನಿಗಿಂತ ಎಷ್ಟೋ ಪಾಲು ಹೆಚ್ಚು ಮೊಟ್ಟೆ ಇಡುತ್ತದೆ. ಆ ಜಾಗ ತುಂಬಿದ ಮೇಲೆ ಮೀನು ಹೊರಗೂ ಬರುತ್ತದೆ. ನಮ್ಮ ಸಂಘದ ಭಾಷೆಯಲ್ಲಿ ಹೇಳುವುದಾದರೆ ಅದು ಠೇವಣಿ. ಅಸಲು ಮುಟ್ಟದೆ ಬಡ್ಡಿಯಲ್ಲಿ ಬದುಕುವುದು.

ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲ ಬೂತಾಯಿಯಂಥ ಮೀನು ಮೊಟ್ಟೆ ಇಡುವ ಕಾಲ. ಆದರೆ ಆಗಸ್ಟ್ ಬಂದ ಕೂಡಲೇ ಸಣ್ಣ ಕಣ್ಣಿನ ಬಲೆ ಇಳಿಸಿ ಮರಿಮೀನನ್ನೇ ಬಾಚಿ ಫಿಶ್ ಮಿಲ್ಲಿಗೆ ಹಾಕಿದರೆ ಎರಡು ತಿಂಗಳ ವ್ರತ ಮಾಡಿ ಏನು ಬಂತು? ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. ಆದ್ದರಿಂದ ಕಾಲದ ನಿಯಮದ ಜೊತೆಗೆ ಜಾಗದ ನಿಯಮವೂ ಬೇಕು. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ 1986ರಲ್ಲೇ ಸಾಗರ ರಾಷ್ಟ್ರೀಯ ಉದ್ಯಾನ ಆಗಿದೆ. ನಮ್ಮ ರಾಜ್ಯದಲ್ಲೂ ಈಚೆಗೆ ಹೊನ್ನಾವರದ ಅಪ್ಸರಕೊಂಡ–ಮುಗಳಿ ಕಡಲನ್ನು ವನ್ಯಜೀವಿ ಧಾಮ ಮಾಡಿದ್ದಾರೆ. 2030ರೊಳಗೆ ಭೂಮಿಯಲ್ಲೂ ಕಡಲಲ್ಲೂ ನೂರಕ್ಕೆ 30 ಪಾಲು ಕಾಪಾಡಬೇಕೆಂದು ಲೋಕದ ದೇಶಗಳು 2022ರ ಡಿಸೆಂಬರಿನಲ್ಲಿ ಒಪ್ಪಿವೆ.

ಆದರೆ ಬಂಧುಗಳೇ, ಒಂದು ಪ್ರಶ್ನೆ ಕೇಳದೆ ಇರಲಾರೆ. ಈ ಠೇವಣಿಗೆ ದುಡ್ಡು ಕಟ್ಟುವವರು ಯಾರು? ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬೋಟು ಬಂದಾಗ ರಂಪಣಿ ಎಳೆಯುತ್ತಿದ್ದ ಮೊಗವೀರ ಬಂಧುಗಳ ಹೊಟ್ಟೆಗೆ ಏಟು ಬಿತ್ತು. ನಾಳೆ ನಕ್ಷೆಯಲ್ಲಿ ಗೆರೆ ಎಳೆದು "ಇಲ್ಲಿ ಬರಬೇಡಿ" ಅಂದರೆ ಮೊದಲು ಸೋಲುವವನು ದಡದ ಹತ್ತಿರವೇ ಬಲೆ ಬಿಡುವ ನಾಡದೋಣಿಯವನು. ದೊಡ್ಡ ಬೋಟು ಇನ್ನೊಂದು ಕಡೆಗೆ ಹೋದೀತು. ಮೀನು ಇಲ್ಲದ ತಿಂಗಳುಗಳಿಗೆ ಉಳಿತಾಯ ಪರಿಹಾರ ಯೋಜನೆ ಇದೆ: ಮೀನುಗಾರನ ಉಳಿತಾಯಕ್ಕೆ ಸರಕಾರಗಳು ತಮ್ಮ ಪಾಲು ಸೇರಿಸಿ ಕೊಡುತ್ತವೆ. ಅದರಲ್ಲಿ ಒಂದು ಸಂಸಾರ ಸಾಗುತ್ತದೆಯೇ, ನೀವೇ ಲೆಕ್ಕ ಹಾಕಿ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಕಡಲಿಗೆ ಬನ ಬೇಕು. ಆದರೆ ಜಾಗ ಗುರುತಿಸುವಾಗ ಪಟ್ಟಣದ ಆಫೀಸಿನವರ ಜೊತೆಗೆ ಕಡಲು ಬಲ್ಲ ಮೀನುಗಾರರೂ ಕೂರಬೇಕು. ನಾಡದೋಣಿಗೆ ದಾರಿ ಬಿಡಬೇಕು. ಕಳೆದುಕೊಳ್ಳುವವರಿಗೆ ನ್ಯಾಯವಾದ ಪರಿಹಾರ ಸಿಗಬೇಕು.

ಬರೀ ಬೋರ್ಡು ನೆಟ್ಟರೆ ಏನೂ ಉಳಿಯುವುದಿಲ್ಲ. ಶಿಶಿಲದ ದೇವರ ಮೀನುಗಳಿಗೇ 1996ರಲ್ಲಿ ದುಷ್ಕರ್ಮಿಗಳು ವಿಷ ಹಾಕಿದರು, ಸಾವಿರಾರು ಮೀನು ಸತ್ತವು. ಆದರೂ ಊರವರು ಕೈಬಿಡಲಿಲ್ಲ. ಇವತ್ತು ಆ ಹೊಳೆಯಲ್ಲಿ ಮತ್ತೆ ಮೀನು ಇದೆ. ಕಾಯುವವರು ಊರವರೇ ಆದಾಗ ಮಾತ್ರ ಬನ ಉಳಿಯುತ್ತದೆ. ಸಹಕಾರ ಅಂದರೂ ಅದೇ ಅಲ್ಲವೇ?