ಗುದನಾಳದ ಕ್ಯಾನ್ಸರ್: ಶಸ್ತ್ರಚಿಕಿತ್ಸೆಯ ನಂತರದ ತೊಡಕು ತಡೆಯುವುದು ಹೇಗೆ?

ಮಲದಲ್ಲಿ ರಕ್ತ ಕಂಡರೆ ನಮ್ಮ ಹಳ್ಳಿಗಳಲ್ಲಿ ಬರುವ ಮಾತು ಒಂದೇ: ‘ಮೂಲವ್ಯಾಧಿ’. ಬಹಳಷ್ಟು ಜನರಲ್ಲಿ ಅದು ನಿಜ. ಆದರೆ ಕೆಲವರಲ್ಲಿ ಅದು ಗುದನಾಳದ ಕ್ಯಾನ್ಸರಿನ ಲಕ್ಷಣವಾಗಿರುತ್ತದೆ. ರೋಗ ಖಚಿತವಾದ ಮೇಲೂ ‘ಹೊಲಿಗೆ ಬಿಚ್ಚಿದರೆ ಏನು ಗತಿ? ಹೊಟ್ಟೆಯ ಮೇಲೆ ಚೀಲ ಹೊತ್ತು ಬಾಳಬೇಕೆ?’ ಎಂದು ಹಲವರು ಹಿಂಜರಿಯುತ್ತಾರೆ. ಈ ಭಯಕ್ಕೆ ಕಾರಣವಿದೆ, ಆದರೆ ಪರಿಹಾರವೂ ಇದೆ.

ಗುದನಾಳ ಇರುವುದು ಕಟಿಯ ಎಲುಬಿನ ಇಕ್ಕಟ್ಟಾದ ಬಟ್ಟಲಿನೊಳಗೆ. ಮೂತ್ರವಿಸರ್ಜನೆ ಮತ್ತು ದಾಂಪತ್ಯ ಜೀವನಕ್ಕೆ ಬೇಕಾದ ನರಗಳು ಅದರ ಪಕ್ಕದಲ್ಲೇ ಹಾದುಹೋಗುತ್ತವೆ. 1908ರಲ್ಲಿ ಇಂಗ್ಲೆಂಡಿನ ಮೈಲ್ಸ್ ವಿವರಿಸಿದ ವಿಧಾನದಲ್ಲಿ ಗುದದ್ವಾರವನ್ನೂ ತೆಗೆದು ಶಾಶ್ವತ ಚೀಲ ಇಡಬೇಕಾಗುತ್ತಿತ್ತು. 1982ರಲ್ಲಿ ಅದೇ ದೇಶದ ಬಿಲ್ ಹೀಲ್ಡ್ ಬೇರೊಂದು ದಾರಿ ತೋರಿಸಿದರು. ಕಿತ್ತಳೆಯ ತೊಳೆಯನ್ನು ಪೊರೆ ಹರಿಯದಂತೆ ಬಿಡಿಸುವ ಹಾಗೆ, ಗುದನಾಳವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆಯೊಡನೆ ಇಡಿಯಾಗಿ ತೆಗೆಯುವುದೇ ಆ ಕ್ರಮ. ಇದರಿಂದ ರೋಗ ಅದೇ ಜಾಗದಲ್ಲಿ ಮರುಕಳಿಸುವುದು ಕಡಿಮೆಯಾಯಿತು, ನರಗಳನ್ನು ಉಳಿಸುವುದು ಸಾಧ್ಯವಾಯಿತು.

ಅತ್ಯಂತ ಅಂಜಬೇಕಾದ ತೊಡಕೆಂದರೆ ಕರುಳು ಜೋಡಿಸಿದ ಜಾಗದ ಸೋರಿಕೆ. ಕೆಳಮಟ್ಟದ ಜೋಡಣೆಗಳಲ್ಲಿ ಇದು ಸುಮಾರು ಹತ್ತರಲ್ಲಿ ಒಬ್ಬರಿಗೆ ಆಗಬಹುದು. ಇದನ್ನು ತಡೆಯಲು ವೈದ್ಯರು ಮೂರು ಅಂಶಗಳನ್ನು ನೋಡುತ್ತಾರೆ. ಜೋಡಿಸುವ ತುದಿಗಳಿಗೆ ರಕ್ತ ಚೆನ್ನಾಗಿ ಬರುತ್ತಿರಬೇಕು; ಇದನ್ನು ತಿಳಿಯಲು ಕೆಲವೆಡೆ ಹೊಳೆಯುವ ಹಸಿರು ಬಣ್ಣದ ದ್ರವವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಜೋಡಣೆಯ ಮೇಲೆ ಎಳೆತ ಇರಬಾರದು; ಅದಕ್ಕಾಗಿ ಮೇಲಿನ ದೊಡ್ಡ ಕರುಳನ್ನು ಗುಲ್ಮದ ಹತ್ತಿರದವರೆಗೂ ಸಡಿಲಿಸಿ ಕೆಳಗೆ ತರುತ್ತಾರೆ. ಕೊನೆಗೆ, ಸೈಕಲ್ ಟ್ಯೂಬಿನ ಪಂಕ್ಚರ್ ನೋಡುವಂತೆ, ಕಟಿಯಲ್ಲಿ ನೀರು ತುಂಬಿ ಕರುಳಿಗೆ ಗಾಳಿ ಊದುತ್ತಾರೆ. ಗುಳ್ಳೆ ಎದ್ದರೆ ಅಲ್ಲೇ ಸರಿಪಡಿಸುತ್ತಾರೆ.

ಇನ್ನು ಚೀಲದ ಮಾತು. ಗೆಡ್ಡೆ ತೀರ ಕೆಳಗಿದ್ದರೆ ಶಾಶ್ವತ ಚೀಲ ಇಂದಿಗೂ ಅನಿವಾರ್ಯವಾಗಬಹುದು. ಉಳಿದವರಲ್ಲಿ ಅದು ಹೆಚ್ಚಾಗಿ ತಾತ್ಕಾಲಿಕ; ಜೋಡಣೆ ಮಾಯುವವರೆಗೆ ಮಲವನ್ನು ಬೇರೆ ದಾರಿಗೆ ತಿರುಗಿಸಲು, ಕೆಲವು ತಿಂಗಳ ಮಟ್ಟಿಗೆ. ಸ್ವೀಡನ್ನಿನಲ್ಲಿ 234 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ತಾತ್ಕಾಲಿಕ ದಾರಿ ಇಲ್ಲದವರಲ್ಲಿ ಶೇಕಡಾ 28 ಮಂದಿಗೆ ಸೋರಿಕೆಯಾಯಿತು; ಇದ್ದವರಲ್ಲಿ ಶೇಕಡಾ 10 ಮಂದಿಗೆ ಮಾತ್ರ. ಚೀಲದ ಜಾಗವನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಗುರುತಿಸಲು ಕೇಳಿ. ಪಂಚೆ ಅಥವಾ ಸೀರೆ ಎಲ್ಲಿ ಕಟ್ಟುತ್ತೀರಿ, ಹೊಲದಲ್ಲಿ ಹೇಗೆ ಬಾಗುತ್ತೀರಿ ಎಂಬುದನ್ನು ತಿಳಿಸಿ.

ಸಣ್ಣ ಕರುಳಿನ ಚೀಲದಿಂದ ನೀರು, ಉಪ್ಪು ಬಹಳ ಹೊರಹೋಗಬಹುದು. ಹಿಟ್ನಾಳ, ಮುನಿರಾಬಾದ್ ಕಡೆಯ ಬೇಸಿಗೆಯಲ್ಲಿ ಇದು ಅಪಾಯಕಾರಿ. ಚೀಲ ಪದೇ ಪದೇ ತುಂಬಿದರೆ, ಮೂತ್ರ ಕಡಿಮೆಯಾದರೆ, ಬರೀ ನೀರು ಕುಡಿದು ಸುಮ್ಮನಿರಬೇಡಿ, ಓ.ಆರ್.ಎಸ್. ಕುಡಿದು ವೈದ್ಯರನ್ನು ಕಾಣಿ. ಜ್ವರ, ಹೆಚ್ಚುವ ಹೊಟ್ಟೆನೋವು, ಉಬ್ಬರ, ನಾಡಿಯ ವೇಗ ಕಂಡರೆ ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಗೆ ಅಂದೇ ಮರಳಿ.

ರೋಗಿಯ ಪಾಲಿನ ಕೆಲಸವೂ ಇದೆ. ಬೀಡಿ, ಸಿಗರೇಟು ಬಿಡಬೇಕು. ರಕ್ತಹೀನತೆ ಇದ್ದರೆ ಮೊದಲೇ ಸರಿಪಡಿಸಿಕೊಳ್ಳಬೇಕು. ಕೊಪ್ಪಳದಲ್ಲಿ 2015ರಿಂದ ವೈದ್ಯಕೀಯ ಕಾಲೇಜಿದೆ. ಬೆಂಗಳೂರಿನಲ್ಲಿ ಕಿದ್ವಾಯಿ ಗ್ರಂಥಿ ಸಂಸ್ಥೆಯಿದೆ. ರಕ್ತ ಕಂಡಾಗ ನಾಚಿಕೆಯಿಂದ ಮುಚ್ಚಿಡದೆ ಬೆರಳಿನ ಪರೀಕ್ಷೆ ಮಾಡಿಸಿಕೊಳ್ಳಿ. ಬೇಗ ಬಂದವರಿಗೆ ವೈದ್ಯರು ಮಾಡಬಹುದಾದದ್ದು ಹೆಚ್ಚು.