ಇಂಗ್ಲೆಂಡಿನ ಕೌಂಟಿಯಲ್ಲಿ ಇಬ್ಬರು ಕನ್ನಡಿಗರು

ವಿರಾಜಪೇಟೆಯಿಂದ ಘಟ್ಟವಿಳಿಯುವ ಬಸ್ಸಿನಲ್ಲಿ ನೀವು ಎಂದಾದರೂ ಕುಳಿತಿದ್ದರೆ ಮಾಕುಟ್ಟವನ್ನು ಬಲ್ಲಿರಿ. ಪೆರುಂಬಾಡಿ ದಾಟಿದ ಮೇಲೆ ಕಾಡು, ತಿರುವು, ಮತ್ತೆ ಕಾಡು. ಕಡೆಗೆ ತನಿಖಾ ಠಾಣೆ. ಅಲ್ಲಿಗೆ ಕೊಡಗು ಮುಗಿಯಿತು. ಆಚೆ ಇರಿಟ್ಟಿ, ಮಟ್ಟನ್ನೂರು, ಕಡಲಂಚಿನ ತಲಶ್ಶೇರಿ. ಇಂಗ್ಲಿಷರು ನಮ್ಮ ಈ ಕಡೆಗೆ ಕ್ರಿಕೆಟ್ಟನ್ನು ಮೊದಲು ತಂದಿಳಿಸಿದ್ದು ಆ ತಲಶ್ಶೇರಿಯಲ್ಲೇ ಎಂಬ ಹೇಳಿಕೆಯೊಂದುಂಟು. ಅಲ್ಲಿಂದ ಕರಾವಳಿಯನ್ನು ಹಿಡಿದು ಬಡಗಲಿಗೆ ಹೊರಟರೆ ಕಣ್ಣೂರು, ಕಾಞಂಗಾಡು, ಕಾಸರಗೋಡು. ಅದನ್ನೂ ದಾಟಿದರೆ ಕುಂಬಳೆ. ಯಕ್ಷಗಾನದ ಪಾರ್ತಿಸುಬ್ಬನ ಊರು. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ಅದು ಕೇರಳಕ್ಕೆ ಸೇರಿತು. ಕನ್ನಡವೇನೋ ಅಲ್ಲಿಯೇ ಉಳಿಯಿತು. ಆ ಊರಿನ ಹೆಸರನ್ನು ತನ್ನ ಹೆಸರಿನೊಡನೆ ಹೊತ್ತ ಒಬ್ಬ ಬೌಲರು, ಮೈಸೂರಿನ ಇನ್ನೊಬ್ಬ ಬೌಲರು, ಇವರಿಬ್ಬರೂ ಇಂಗ್ಲೆಂಡಿನಲ್ಲಿ ಒಂದು ಬೇಸಗೆ ದುಡಿದ ಕಥೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ದುಡಿದ ಎಂಬ ಮಾತನ್ನು ಬೇಕೆಂದೇ ಹೇಳಿದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಿದ್ದಂತೆ. 1890ರಿಂದ ಅಲ್ಲಿ ಕೌಂಟಿಗಳ ನಡುವೆ ಕ್ರಮವಾದ ಚಾಂಪಿಯನ್‌ಷಿಪ್ ನಡೆಯುತ್ತಿದೆ. ಇಂದು ಅದರಲ್ಲಿ ಹದಿನೆಂಟು ಕೌಂಟಿಗಳಿವೆ. ಬಹುಕಾಲ ಅಲ್ಲಿ ಒಂದು ವಿಚಿತ್ರವಾದ ಪಂಕ್ತಿಭೇದವಿತ್ತು. ಹಣಕ್ಕಾಗಿ ಆಡದವರು ಮಹನೀಯರು. ಸಂಬಳಕ್ಕೆ ಆಡುವವರು ಬರಿಯ ಆಟಗಾರರು. ಬ್ಯಾಟು ಹಿಡಿದು ಮೆರೆಯುವುದು ಹೆಚ್ಚಾಗಿ ಮಹನೀಯರ ಪಾಲು. ದಿನವಿಡೀ ಓಡಿ ಬಂದು ಚೆಂಡೆಸೆಯುವ ಬೆವರಿನ ಕೆಲಸ ಹೆಚ್ಚಾಗಿ ಸಂಬಳದವರ ಪಾಲು. ನಾಟಿಂಗ್‌ಹ್ಯಾಮ್‌ಷೈರಿನ ಹೆರಾಲ್ಡ್ ಲಾರ್ವುಡ್ ಕಲ್ಲಿದ್ದಲ ಗಣಿಯಿಂದ ಮೇಲೆ ಬಂದು ವೇಗದ ಬೌಲರಾದವನು. ಈ ಪಂಕ್ತಿಭೇದವನ್ನು ಎತ್ತಿಹಾಕಿದ್ದು 1962ರ ಕೊನೆಗೆ. ಕೌಂಟಿಯ ಬೌಲರೆಂದರೆ ಕೂಲಿ ತಪ್ಪಿಸದ ಒಕ್ಕಲಿಗನಂತೆ. ಕೆಂಟ್ ಕೌಂಟಿಯ ಟಿಚ್ ಫ್ರೀಮನ್ ಎಂಬ ಗಿಡ್ಡ ಲೆಗ್‌ಸ್ಪಿನ್ನರು 1928ರ ಒಂದೇ ಋತುವಿನಲ್ಲಿ 304 ವಿಕೆಟ್ ತೆಗೆದನೆಂದರೆ, ಅವನ ಬೆರಳುಗಳು ಎಷ್ಟು ಸವೆದಿರಬೇಕೆಂಬುದನ್ನು ನೀವೇ ಊಹಿಸಿಕೊಳ್ಳಿ.

ಪರದೇಶದ ಆಟಗಾರರನ್ನು ನೆಲೆಸುವ ಕಟ್ಟುಪಾಡಿಲ್ಲದೆ ಕೌಂಟಿಗಳು ಸೇರಿಸಿಕೊಳ್ಳತೊಡಗಿದ್ದು 1968ರಿಂದ. ನಮ್ಮ ಬಿಷನ್ ಸಿಂಗ್ ಬೇಡಿಯವರು 1972ರಿಂದ 1977ರವರೆಗೆ ನಾರ್ಥಾಂಪ್ಟನ್‌ಷೈರಿಗೆ ಆಡಿದರು. ಈಗ ನಮ್ಮ ಕಥೆಯ ವರ್ಷಕ್ಕೆ ಬರೋಣ.

1995ರ ಬೇಸಗೆಯಲ್ಲಿ ವೆಸ್ಟ್ ಇಂಡೀಸ್ ತಂಡ ಇಂಗ್ಲೆಂಡಿನ ಪ್ರವಾಸ ಕೈಗೊಂಡಿತು. ನಾರ್ಥಾಂಪ್ಟನ್‌ಷೈರಿನ ಆಧಾರಸ್ತಂಭ ಕರ್ಟ್ಲಿ ಆಂಬ್ರೋಸ್, ಗ್ಲಾಸ್ಟರ್‌ಷೈರಿನ ಆಧಾರಸ್ತಂಭ ಕರ್ಟ್ನಿ ವಾಲ್ಷ್. ಇಬ್ಬರೂ ತಮ್ಮ ದೇಶದ ತಂಡದೊಡನೆ ಹೋಗಬೇಕಾಯಿತು. ಎರಡು ಕೌಂಟಿಗಳ ಎರಡು ದೊಡ್ಡ ಜಾಗಗಳು ಖಾಲಿಬಿದ್ದವು. ಒಂದರಲ್ಲಿ ಬಂದು ನಿಂತವರು ಅನಿಲ್ ಕುಂಬ್ಳೆ. ಇನ್ನೊಂದರಲ್ಲಿ ಜಾವಗಲ್ ಶ್ರೀನಾಥ್. ಇಬ್ಬರೂ ಕರ್ನಾಟಕದವರು, ಇಬ್ಬರೂ ಇಂಜಿನಿಯರಿಂಗ್ ಓದಿದವರು.

ಶ್ರೀನಾಥರು ಹುಟ್ಟಿದ್ದು 1969ರಲ್ಲಿ, ಮೈಸೂರಿನಲ್ಲಿ. ಅಲ್ಲಿನ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ. ಕರ್ನಾಟಕಕ್ಕೆ ಆಡಿದ ಮೊದಲ ಪಂದ್ಯದಲ್ಲೇ ಹೈದರಾಬಾದಿನ ಎದುರು ಹ್ಯಾಟ್ರಿಕ್ ಪಡೆದವರು. ಕುಂಬ್ಳೆಯವರು ಹುಟ್ಟಿದ್ದು 1970ರಲ್ಲಿ, ಬೆಂಗಳೂರಿನಲ್ಲಿ. ಓದಿದ್ದು ನ್ಯಾಷನಲ್ ಹೈಸ್ಕೂಲು, ಆಮೇಲೆ ಆರ್.ವಿ. ಇಂಜಿನಿಯರಿಂಗ್ ಕಾಲೇಜು. ಹುಡುಗನಾಗಿದ್ದಾಗ ಮಧ್ಯಮ ವೇಗದಲ್ಲಿ ಎಸೆಯುತ್ತಿದ್ದವರು, ಅಣ್ಣ ದಿನೇಶರ ಮಾತಿನಂತೆ ಲೆಗ್‌ಸ್ಪಿನ್ನಿಗೆ ತಿರುಗಿದರು. ಆ ಹಳೆಯ ವೇಗ ಮಾತ್ರ ಕೈಬಿಡಲಿಲ್ಲ. 1990ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿದಾಗ ಕನ್ನಡಕ ಹಾಕಿಕೊಂಡ ಹತ್ತೊಂಬತ್ತು ವರ್ಷದ ತರುಣ. ಚೆಂಡು ತಿರುಗುವುದೇ ಇಲ್ಲವಲ್ಲ, ಇದೆಂಥ ಲೆಗ್‌ಸ್ಪಿನ್ನು ಎಂದು ಮೂಗು ಮುರಿದವರು ಬಹಳ.

ಇಂಗ್ಲೆಂಡಿನ ಏಪ್ರಿಲ್ ತಿಂಗಳು ನಮ್ಮ ಏಪ್ರಿಲ್ ಅಲ್ಲ. ಚಳಿಗೆ ಬೆರಳು ಮರಗಟ್ಟುತ್ತದೆ. ಒದ್ದೆ ಚೆಂಡು ಜಾರುತ್ತದೆ. ನಾಲ್ಕು ದಿನಗಳ ಪಂದ್ಯಗಳು ಹದಿನೇಳು; ನಡುನಡುವೆ ಒಂದು ದಿನದ ಪಂದ್ಯಗಳು. ಇಂದು ಈ ಊರು, ನಾಳೆ ಇನ್ನೊಂದೂರು. ನೋಡುವವರೂ ಹೆಚ್ಚಿಲ್ಲ, ಮೈದಾನದ ಬದಿಯಲ್ಲಿ ಕಂಬಳಿ ಹೊದ್ದ ನಾಲ್ಕಾರು ಮುದುಕರು. ಈಡನ್ ಗಾರ್ಡನ್ನಿನ ಲಕ್ಷ ಜನರ ಕೂಗಿಗೆ ಒಗ್ಗಿದ ಬೌಲರಿಗೆ ಈ ಮೌನವೇ ಒಂದು ಪರೀಕ್ಷೆ. ಚಪ್ಪಾಳೆಯಿಲ್ಲದಾಗ ಕೈ ಸಡಿಲವಾಗುತ್ತದೆಯೇ ಇಲ್ಲವೇ ಎಂಬ ಪರೀಕ್ಷೆ.

ಋತು ಮುಗಿದಾಗ ಲೆಕ್ಕ ಹೀಗಿತ್ತು. ಕುಂಬ್ಳೆ 105 ವಿಕೆಟ್. ಒಂದೊಂದಕ್ಕೂ ಕೊಟ್ಟ ರನ್ನು ಸರಾಸರಿ ಇಪ್ಪತ್ತು ಚಿಲ್ಲರೆ. ಆ ವರ್ಷ ಇಂಗ್ಲೆಂಡಿನಲ್ಲಿ ಅವರಿಗಿಂತ ಹೆಚ್ಚು ವಿಕೆಟ್ ಪಡೆದವರಿಲ್ಲ. ಶ್ರೀನಾಥ್ 87 ವಿಕೆಟ್. ಸರಾಸರಿ ಹತ್ತೊಂಬತ್ತು ಚಿಲ್ಲರೆ. ಅಬರ್ಗವೆನ್ನಿ ಎಂಬ ಊರಿನಲ್ಲಿ ಗ್ಲಮಾರ್ಗನ್ ಎದುರು 76 ರನ್ನಿಗೆ ಒಂಬತ್ತು ವಿಕೆಟ್ ಕಿತ್ತರು. ನಾರ್ಥಾಂಪ್ಟನ್ನಿನಲ್ಲಿ ನಡೆದ ಒಂದು ಪಂದ್ಯವನ್ನಂತೂ ಹೇಳಲೇಬೇಕು. ನಾಟಿಂಗ್‌ಹ್ಯಾಮ್‌ಷೈರ್ ಮೊದಲು 527 ರನ್ ಹೊಡೆಯಿತು. ಇಷ್ಟು ಹೊಡೆದ ತಂಡ ಸೋಲುವುದುಂಟೇ ಎನ್ನುತ್ತೀರಿ. ನಾರ್ಥಾಂಪ್ಟನ್‌ಷೈರ್ ಏಳು ವಿಕೆಟ್ಟಿಗೆ 781 ಪೇರಿಸಿ, ಎದುರಾಳಿಗಳನ್ನು 157ಕ್ಕೆ ಮುದುರಿ, ಇನ್ನಿಂಗ್ಸ್ ಮತ್ತು 97 ರನ್ನಿನಿಂದ ಗೆದ್ದಿತು! ಆ ವರ್ಷದ ಆಟಕ್ಕಾಗಿ ವಿಸ್ಡನ್ ವಾರ್ಷಿಕ ಸಂಪುಟ 1996ರಲ್ಲಿ ಆರಿಸಿದ ಐವರು ಆಟಗಾರರಲ್ಲಿ ಕುಂಬ್ಳೆಯವರೂ ಒಬ್ಬರು. ತಿರುಗದ ಚೆಂಡಿನ ಮಾತು ಅಲ್ಲಿಗೆ ತಣ್ಣಗಾಯಿತು.

ಬೌಲರಿನ ಬಾಳಿಗೆ ಇನ್ನೊಂದು ಮಗ್ಗುಲೂ ಇದೆ. ದಾಂಡಿಗನ ಬ್ಯಾಟು ಮುರಿದರೆ ಇನ್ನೊಂದು ಬ್ಯಾಟು ಬರುತ್ತದೆ. ಬೌಲರಿಗೆ ತೋಳೇ ಉಪಕರಣ. 1997ರಲ್ಲಿ ಶ್ರೀನಾಥರ ಭುಜ ಕೈಕೊಟ್ಟಿತು. ಆಮೇಲೆ ಕುಂಬ್ಳೆಯವರ ಭುಜ. ಇಬ್ಬರೂ ಶಸ್ತ್ರಚಿಕಿತ್ಸೆಗೆ ಒಳಗಾದರು. ಇಬ್ಬರೂ ಮರಳಿ ಬಂದರು. ಬೇರೆ ಬೇರೆ ಋತುಗಳಲ್ಲಿ ಇಬ್ಬರೂ ಲೆಸ್ಟರ್‌ಷೈರ್ ಕೌಂಟಿಗೂ ಆಡಿದ್ದುಂಟು. ಶ್ರೀನಾಥರು 236 ಟೆಸ್ಟ್ ವಿಕೆಟ್ ಪಡೆದು 2003ರಲ್ಲಿ ನಿವೃತ್ತರಾದರು. ಕುಂಬ್ಳೆಯವರು 619 ವಿಕೆಟ್ ಪಡೆದು 2008ರಲ್ಲಿ.

ಈ ಇಬ್ಬರ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಗಳಿಗೆ ಇಂಗ್ಲೆಂಡಿನದಲ್ಲ, ದೆಹಲಿಯದು. 1999ರ ಫೆಬ್ರವರಿ 7. ಪಾಕಿಸ್ತಾನ 420 ರನ್ನಿನ ಗುರಿ ಬೆನ್ನಟ್ಟಿ, ಊಟದ ಹೊತ್ತಿಗೆ ವಿಕೆಟ್ಟೇ ಬೀಳದೆ 101 ಮುಟ್ಟಿತ್ತು. ಆಮೇಲೆ ಒಂದರ ಹಿಂದೊಂದು ಒಂಬತ್ತು ಬಿದ್ದವು, ಒಂಬತ್ತೂ ಕುಂಬ್ಳೆಯವರಿಗೆ. ಟೆಸ್ಟಿನ ಒಂದು ಇನ್ನಿಂಗ್ಸಿನಲ್ಲಿ ಹತ್ತಕ್ಕೆ ಹತ್ತು ಪಡೆದವರು ಆವರೆಗೆ ಒಬ್ಬರೇ: ಸರ್ರೆ ಕೌಂಟಿಯ ಜಿಮ್ ಲೇಕರ್, 1956ರಲ್ಲಿ. ಈಗ ಎದುರು ತುದಿಯಿಂದ ಎಸೆಯುವ ಸರದಿ ಶ್ರೀನಾಥರದು. ವಿಕೆಟ್ ಕೀಳುವುದನ್ನೇ ಕಸುಬಾಗಿಸಿಕೊಂಡ ಮನುಷ್ಯ ಆ ಓವರಿನಲ್ಲಿ ಚೆಂಡನ್ನು ವಿಕೆಟ್ಟಿನಿಂದ ದೂರ ದೂರ ಎಸೆದರು. ವೈಡ್ ಎಂದು ಅಂಪೈರು ಕೈಚಾಚಿದರೂ ಲೆಕ್ಕಿಸಲಿಲ್ಲ. ಮುಂದಿನ ಓವರಿನಲ್ಲಿ ವಾಸಿಂ ಅಕ್ರಮ್ ಲಕ್ಷ್ಮಣರಿಗೆ ಕ್ಯಾಚಿತ್ತರು. 74 ರನ್ನಿಗೆ ಹತ್ತು! ಇಂದಿಗೂ ಟೆಸ್ಟಿನಲ್ಲಿ ಈ ಸಾಧನೆ ಮಾಡಿದವರು ಮೂವರೇ; ಮೂರನೆಯವರು ನ್ಯೂಜಿಲೆಂಡಿನ ಏಜಾಜ್ ಪಟೇಲ್, 2021ರಲ್ಲಿ. ದಾಖಲೆಯ ಪುಸ್ತಕದಲ್ಲಿ ಶ್ರೀನಾಥರ ಆ ಓವರು ಬರಿಯ ಎರಡು ವೈಡುಗಳಾಗಿಯೋ ಏನೋ ಕುಳಿತಿದೆ. ಕಂಡವರಿಗೆ ಅದರ ಬೆಲೆ ಗೊತ್ತು.

ಮನೆಯಲ್ಲಿ ಓದೋ ಆಟವೋ ಎಂಬ ಜಗಳ ನಿಮ್ಮಲ್ಲೂ ನಡೆಯುತ್ತಿರಬಹುದು. ಈ ಇಬ್ಬರು ಎರಡನ್ನೂ ಬಿಡಲಿಲ್ಲ ಎಂಬುದನ್ನು ತಂದೆತಾಯಿಗಳೂ ನೆನೆಯಲಿ, ಮಕ್ಕಳೂ ನೆನೆಯಲಿ. ಕೊಡಗು ಹಾಕಿಯ ನಾಡು, ನಿಜ. ಆದರೂ ಮುಂದಿನ ಸಲ ಘಟ್ಟವಿಳಿಯುವಾಗ ರಸ್ತೆಯ ಬದಿಯಲ್ಲಿ, ಎರಡು ಕಾಡುಕೋಲು ನೆಟ್ಟು, ನೋಡುವವರು ಯಾರೂ ಇಲ್ಲದೆ ಒಂದೇ ಸಮನೆ ಚೆಂಡೆಸೆಯುತ್ತಿರುವ ಹುಡುಗನೊಬ್ಬ ಕಂಡರೆ, ಹೊತ್ತು ಹಾಳುಮಾಡುತ್ತಿದ್ದಾನೆ ಎನ್ನಬೇಡಿ. ಕೌಂಟಿಯ ಬೌಲರು ಕಲಿಯಬೇಕಾದ ಮೊದಲ ಪಾಠ ಅದೇ.